ಸೈಕಲ್ಲಿಗೂ ಓಟಕ್ಕೂ ಹೊಂದುವ ಉಡುಪನ್ನು ಆರಿಸುವ ಬಗೆ

ಸೈಕಲ್ ಸವಾರರ ಉಡುಪನ್ನೂ ಓಟಗಾರರ ಉಡುಪನ್ನೂ ಅಂಗಡಿಯವರು ಬೇರೆ ಬೇರೆ ಕಪಾಟಿನಲ್ಲಿ ಇಡುವುದು ವ್ಯಾಪಾರದ ಜಾಣತನಕ್ಕಾಗಿ ಮಾತ್ರವಲ್ಲ. ಸೈಕಲ್ ಮೇಲೆ ಮೈ ಮುಂದಕ್ಕೆ ಬಾಗಿರುತ್ತದೆ, ಭಾರದ ಬಹುಪಾಲು ಸೀಟಿನ ಮೇಲೆ ಬೀಳುತ್ತದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಾಗಿದರೆ, ಎಲೆಯೂ ಅಲುಗದ ದಿನದಲ್ಲಿ ಸಹ ಅಷ್ಟೇ ವೇಗದ ಗಾಳಿ ಎದೆಗೆ ಬಡಿಯುತ್ತದೆ. ಓಡುವಾಗ ಮೈ ನೆಟ್ಟಗಿರುತ್ತದೆ, ಎದುರುಗಾಳಿ ಅದರ ಅರ್ಧಕ್ಕಿಂತ ಕಡಿಮೆ, ಆದ್ದರಿಂದ ಬೆವರು ಆರದೆ ಮೈಮೇಲೆಯೇ ಉಳಿಯುತ್ತದೆ. ಒಂದೇ ಜೊತೆ ಬಟ್ಟೆಯಲ್ಲಿ ಎರಡನ್ನೂ ನಿಭಾಯಿಸಬೇಕೆನ್ನುವವರು ಎಲ್ಲಿ ರಾಜಿಯಾಗಬಹುದು, ಎಲ್ಲಿ ಕೂಡದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ನನ್ನ ಲೆಕ್ಕ ಹೀಗಿದೆ: ಸೊಂಟದ ಕೆಳಗಿನದನ್ನು ಸೀಟನ್ನು ನೋಡಿ ಆರಿಸಿ, ಮೇಲಿನದನ್ನು ಓಟವನ್ನು ನೋಡಿ ಆರಿಸಿ, ಗಾಳಿಗೆ ಬೇರೆಯೇ ಒಂದು ಬಟ್ಟೆ ಇರಲಿ.

ಹೆಚ್ಚು ಯೋಚಿಸಬೇಕಾದದ್ದು ಚಡ್ಡಿಯ ವಿಷಯದಲ್ಲಿ. ಸೈಕಲ್ ಚಡ್ಡಿಯೊಳಗೆ ಹೊಲಿದಿರುವ ಪ್ಯಾಡ್ ಕೂರುವ ಮೂಳೆಗಳ ಮೇಲಿನ ಒತ್ತಡವನ್ನು ಹಂಚುತ್ತದೆ, ತೊಡೆಸಂದಿನಲ್ಲಿ ಹೊಲಿಗೆ ಉಜ್ಜದಂತೆ ಕಾಯುತ್ತದೆ. ದೂರದ ಸವಾರಿಗೆಂದು ಮಾಡಿದ ದಪ್ಪ ಪ್ಯಾಡನ್ನು ತೊಟ್ಟು ಓಡಲು ಹೋಗಬಾರದು. ಒಮ್ಮೆ ನಾನು ಎರಡು ಗಂಟೆ ಸೈಕಲ್ ತುಳಿದು, ಬಟ್ಟೆ ಬದಲಿಸುವ ಸೋಮಾರಿತನದಿಂದ ಅದೇ ಚಡ್ಡಿಯಲ್ಲಿ ಐದು ಕಿಲೋಮೀಟರ್ ಓಡಿದೆ. ಬೆವರು ಕುಡಿದು ಭಾರವಾದ ಪ್ಯಾಡ್ ಹೆಜ್ಜೆಹೆಜ್ಜೆಗೂ ಹಿಂದೆ ಮುಂದೆ ಸರಿಯುತ್ತಾ ಎರಡೂ ತೊಡೆಗಳ ಒಳಬದಿಯನ್ನು ತರಚಿತು, ಆಮೇಲೆ ಮೂರು ದಿನ ಕಾಲಗಲಿಸಿ ನಡೆಯಬೇಕಾಯಿತು. ಎರಡಕ್ಕೂ ಹೊಂದುವುದು ಟ್ರಯಥ್ಲಾನ್ ಚಡ್ಡಿ. ಈಜು, ಸೈಕಲ್, ಓಟ ಮೂರನ್ನೂ ಒಂದೇ ಉಡುಪಿನಲ್ಲಿ ಮುಗಿಸುವವರಿಗಾಗಿ ಮಾಡಿದ ಇದರ ಪ್ಯಾಡ್ ತೆಳುವಾಗಿರುತ್ತದೆ, ಕಿರಿದಾಗಿರುತ್ತದೆ, ಬೇಗ ಒಣಗುತ್ತದೆ. ಒಂದೂವರೆ ಗಂಟೆಯವರೆಗಿನ ಸವಾರಿಗೆ ಇದು ಸಾಕೆಂಬುದು ನನ್ನ ಅನುಭವ. ಅದಕ್ಕಿಂತ ದೂರ ಹೋಗುವವರು ದಪ್ಪ ಪ್ಯಾಡಿನ ಚಡ್ಡಿಯನ್ನು ಬೇರೆಯಾಗಿಯೇ ಇಟ್ಟುಕೊಂಡು, ಓಟಕ್ಕೆ ಮೊದಲು ಬದಲಿಸುವುದು ಮೇಲು. ಪ್ಯಾಡ್ ಇರುವ ಚಡ್ಡಿಯೊಳಗೆ ಒಳಉಡುಪು ತೊಡಬೇಡಿ. ಹೊಸಬರು ಸಂಕೋಚಪಟ್ಟು ಇಲ್ಲಿಯೇ ತಪ್ಪುತ್ತಾರೆ. ಒಳಉಡುಪಿನ ಅಂಚು ಪ್ಯಾಡಿಗೂ ಚರ್ಮಕ್ಕೂ ನಡುವೆ ಸಿಕ್ಕಿ, ಪ್ಯಾಡ್ ತಪ್ಪಿಸಬೇಕಾದ ಗಾಯವನ್ನೇ ಮಾಡುತ್ತದೆ. ಮೈಗಂಟುವ ಚಡ್ಡಿ ಮುಜುಗರವೆನಿಸಿದರೆ ಅದರ ಮೇಲೆ ಓಟದ ಸಡಿಲ ಚಡ್ಡಿಯನ್ನು ತೊಡಬಹುದು, ಆದರೆ ಅದು ಸೀಟಿನ ಮೂತಿಗೆ ಸಿಕ್ಕಿಕೊಳ್ಳುವಷ್ಟು ಅಗಲವಿರಬಾರದು. ಉದ್ದ ಪ್ಯಾಂಟಾದರೆ ಪಾದದ ಬಳಿ ಬಿಗಿಯಾಗಿರಲಿ, ಇಲ್ಲದಿದ್ದರೆ ಬಲಗಾಲಿನ ಅಂಚು ಚೈನಿನ ಬಾಯಿಗೆ ಹೋಗುತ್ತದೆ.

ಮೇಲಂಗಿಗೆ ಹತ್ತಿಬಟ್ಟೆ ಬೇಡ. ಹತ್ತಿ ಬೆವರನ್ನು ಹೀರಿ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಓಡುವಾಗ ಒದ್ದೆಯಾಗಿ ಜೋತುಬಿದ್ದು ಉಜ್ಜುತ್ತದೆ, ಸೈಕಲ್ ಮೇಲೆ ಇಳಿಜಾರು ಬಂದೊಡನೆ ಗಾಳಿ ತಾಗಿ ಬೆನ್ನು ತಣ್ಣಗಾಗುತ್ತದೆ. ಪಾಲಿಯೆಸ್ಟರ್ ನೂಲು ನೀರನ್ನು ಬಹುತೇಕ ಹೀರುವುದೇ ಇಲ್ಲ, ಬೆವರನ್ನು ಬಟ್ಟೆಯ ಹೊರಮೈಗೆ ಹರಡಿ ಆರಲು ಬಿಡುತ್ತದೆ. ವಾಸನೆ ಹಿಡಿದುಕೊಳ್ಳುವುದೇ ಅದರ ದೋಷ. ತೆಳು ಮೆರಿನೊ ಉಣ್ಣೆಗೆ ಆ ದೋಷ ಕಡಿಮೆ, ಚಳಿಗಾಲಕ್ಕೆ ಹಿತ, ಆದರೆ ದುಬಾರಿ, ನಿಧಾನವಾಗಿ ಒಣಗುತ್ತದೆ. ಸೈಕಲ್ ಜರ್ಸಿಯ ಹಿಂಭಾಗ ಉದ್ದವಾಗಿದ್ದು ಸೊಂಟದ ಮೇಲೆ ಮೂರು ಜೇಬುಗಳಿರುತ್ತವೆ; ಬಾಗಿ ಕೂತಾಗ ಬಲು ಅನುಕೂಲ, ಓಡುವಾಗ ಅದರಲ್ಲಿಟ್ಟ ಫೋನು ಬೆನ್ನಿಗೆ ಗುದ್ದುತ್ತಲೇ ಇರುತ್ತದೆ. ಆದ್ದರಿಂದ ಮೈಗೆ ತಕ್ಕಮಟ್ಟಿಗೆ ಅಂಟಿಕೊಳ್ಳುವ, ಕುತ್ತಿಗೆಯಲ್ಲಿ ಅರ್ಧ ಜಿಪ್ ಇರುವ, ಹಿಂದೆ ತುಸು ಉದ್ದವಾದ ಓಟದ ಅಂಗಿಯನ್ನೇ ಆರಿಸಿ, ಸಾಮಾನನ್ನು ಸೊಂಟಕ್ಕೆ ಬಿಗಿಯುವ ಪಟ್ಟಿಯಲ್ಲಿಡಿ. ಮಹಿಳೆಯರು ಸ್ಪೋರ್ಟ್ಸ್ ಬ್ರಾವನ್ನು ಓಟದ ಅಗತ್ಯಕ್ಕೆ ತಕ್ಕಂತೆಯೇ ಕೊಳ್ಳಬೇಕು. ಓಟದ ಕುಲುಕಾಟವನ್ನು ತಡೆಯಬಲ್ಲದ್ದು ಸೈಕಲ್ಲಿಗೆ ಸಾಕೇ ಸಾಕು, ಸೈಕಲ್ಲಿಗೆ ಸಾಕಾದದ್ದು ಓಟಕ್ಕೆ ಸಾಲುವುದಿಲ್ಲ.

ಕೊಳ್ಳುವ ಮುನ್ನ ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ಕಂಕುಳು ಮತ್ತು ತೊಡೆಸಂದಿನ ಹೊಲಿಗೆಯ ಮೇಲೆ ಬೆರಳಾಡಿಸಿ. ಬೆರಳಿಗೆ ದಿಂಡಿನಂತೆ ತಾಕಿದರೆ, ಒಂದು ಗಂಟೆಯ ಬೆವರಿನ ನಂತರ ಚರ್ಮಕ್ಕೆ ಅದು ಅರದಂತೆ ತಾಕುತ್ತದೆ. ತೊಟ್ಟ ಮೇಲೆ ಕನ್ನಡಿಯ ಮುಂದೆ ಸುಮ್ಮನೆ ನಿಲ್ಲದೆ, ಹ್ಯಾಂಡಲ್ ಹಿಡಿದವರಂತೆ ಬಾಗಿ ಬೆನ್ನು ಬಯಲಾಗುತ್ತದೆಯೇ ನೋಡಿ. ಆಮೇಲೆ ನಿಂತಲ್ಲೇ ಮಂಡಿ ಎತ್ತಿ ಇಪ್ಪತ್ತು ಹೆಜ್ಜೆ ಓಡಿ, ಚಡ್ಡಿಯ ಅಂಚು ಮೇಲೆ ಸುರುಳಿಕೊಳ್ಳುತ್ತದೆಯೇ ಗಮನಿಸಿ. ಅಂಗಡಿಯವರು ನಕ್ಕರೆ ನಗಲಿ.

ಗಾಳಿಗೆಂದು ಹೇಳಿದ ಮೂರನೆಯ ಬಟ್ಟೆ ತೋಳಿಲ್ಲದ ತೆಳು ಗಾಳಿತಡೆ ಅಂಗಿ. ಮುಂಭಾಗ ಗಾಳಿಯನ್ನು ತಡೆಯುವಂತಿದ್ದು ಬೆನ್ನು ಜಾಲರಿಯದಾಗಿರಬೇಕು, ಮುದುರಿದರೆ ಮುಷ್ಟಿಯೊಳಗೆ ಅಡಗಬೇಕು. ಸವಾರಿ ಮುಗಿದು ಓಟ ಶುರುವಾಗುವಾಗ ಅದನ್ನು ತೆಗೆದಿಡಿ, ಆರಂಭದಲ್ಲಿ ತುಸು ಚಳಿಯೆನಿಸಿದರೂ ಹತ್ತು ನಿಮಿಷದಲ್ಲಿ ಮೈ ಬಿಸಿಯೇರುತ್ತದೆ.

ಸಾಧಾರಣ ಪೆಡಲ್ ಇರುವವರಿಗೆ ಓಟದ ಬೂಟೇ ಎರಡಕ್ಕೂ ಆದೀತು. ಲೇಸಿನ ತುದಿಗಳನ್ನು ಒಳಗೆ ಸಿಕ್ಕಿಸುವುದನ್ನು ಮಾತ್ರ ಮರೆಯಬಾರದು. ಪೆಡಲಿಗೆ ಕಚ್ಚಿಕೊಳ್ಳುವ ಕೊಂಡಿ, ಅಂದರೆ ಕ್ಲೀಟ್, ಇರುವ ಗಟ್ಟಿ ಅಡಿಯ ಸೈಕಲ್ ಬೂಟಿನಲ್ಲಿ ಓಡುವಂತಿಲ್ಲ.

ಹಗಲಲ್ಲಿ ಎದ್ದು ಕಾಣುವ ಬಣ್ಣ ರಾತ್ರಿಗೂ ಸಾಕೆಂಬ ಒಂದು ತಪ್ಪು ತಿಳಿವಳಿಕೆ ಇದೆ. ಕಣ್ಣು ಕೋರೈಸುವ ಫ್ಲೋರೆಸೆಂಟ್ ಹಳದಿ ಸೂರ್ಯನ ಅತಿನೇರಳೆ ಕಿರಣಗಳನ್ನು ಕಾಣುವ ಬೆಳಕಾಗಿ ಮಾರ್ಪಡಿಸುವುದರಿಂದ ಹಗಲಿನಲ್ಲಿ ಎದ್ದು ಕಾಣುತ್ತದೆ. ರಾತ್ರಿ ಆ ಕಿರಣಗಳು ಇಲ್ಲವಾದ್ದರಿಂದ ಅದರ ವಿಶೇಷವೂ ಹೋಗುತ್ತದೆ. ಕತ್ತಲಲ್ಲಿ ಬೇಕಾದದ್ದು ವಾಹನದ ದೀಪವನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಪ್ರತಿಫಲಕ ಪಟ್ಟಿ. ಅದು ಬೆನ್ನಿಗಿಂತ ಕಣಕಾಲು ಮತ್ತು ಮಂಡಿಯ ಬಳಿ ಇದ್ದರೆ ಹೆಚ್ಚು ಉಪಯುಕ್ತ, ಏಕೆಂದರೆ ಮೇಲೆ ಕೆಳಗೆ ಆಡುವ ಕಾಲನ್ನು ಕಂಡ ಚಾಲಕನಿಗೆ ಎದುರಿಗಿರುವುದು ಮನುಷ್ಯನೆಂದು ಕೂಡಲೇ ತಿಳಿಯುತ್ತದೆ.

ಇಂಥ ಬಟ್ಟೆಗಳನ್ನು ಒಗೆಯುವಾಗ ಮೃದುಗೊಳಿಸುವ ದ್ರಾವಣ ಬೆರೆಸಬೇಡಿ. ಅದು ನೂಲಿನ ಮೇಲೆ ಪದರವಾಗಿ ಕೂತು ಬೆವರು ಸಾಗಿಸುವ ಗುಣವನ್ನು ಕೆಡಿಸುತ್ತದೆ. ಚಡ್ಡಿಯನ್ನು ಪ್ರತಿ ಸಲ ತೊಟ್ಟ ಮೇಲೆಯೂ ಒಗೆದು, ಪ್ಯಾಡ್ ಹೊರಗೆ ಬರುವಂತೆ ತಿರುವಿ ಗಾಳಿಗೆ ಒಣಹಾಕಿ. ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು ಅಭ್ಯಾಸವಿರುವವರು ದುಬಾರಿಯಾದ ಒಂದು ಚಡ್ಡಿಗಿಂತ ಮಧ್ಯಮ ಗುಣಮಟ್ಟದ ಎರಡನ್ನು ಕೊಳ್ಳುವುದು ಒಳಿತು, ಹಸಿಯಾರದ ಪ್ಯಾಡನ್ನು ಮತ್ತೆ ತೊಡುವ ಪ್ರಸಂಗವೇ ಬರುವುದಿಲ್ಲ.