ಟ್ಯಾಮ್ ಡೀಯೆಲ್ ಅವರ 43 ವರ್ಷಗಳನ್ನು ದಾಖಲೆಗಳಿಂದ ಜೋಡಿಸಿದ್ದು

ಟ್ಯಾಮ್ ಡೀಯೆಲ್ ಬ್ರಿಟನ್ನಿನ ಸಂಸತ್ತಿನ ಕೆಳಮನೆಯಲ್ಲಿ 43 ವರ್ಷ ಕುಳಿತ ಸ್ಕಾಟ್ಲೆಂಡಿನ ಲೇಬರ್ ಸಂಸದ. ಅವರ ದಾಖಲೆ ಜೋಡಿಸಲು ಹೊರಟರೆ ತಕರಾರು ಹೆಸರಿನಿಂದಲೇ ಶುರು. ಇಂಗ್ಲಿಷ್ ಕಾಗುಣಿತ (Dalyell) ನೋಡಿ ಬರೆದರೆ ‘ಡ್ಯಾಲಿಯೆಲ್’ ಆಗುತ್ತದೆ, ಸ್ಕಾಟ್ಲೆಂಡಿನವರ ಬಾಯಲ್ಲಿ ಅದು ‘ಡೀಯೆಲ್’. ಕನ್ನಡದಲ್ಲಿ ಉಚ್ಚಾರವನ್ನೇ ಹಿಡಿದೆ. ಕಡತ ಹುಡುಕುವಾಗ ಮಾತ್ರ ಇಂಗ್ಲಿಷ್ ಕಾಗುಣಿತ ಪಕ್ಕದಲ್ಲಿರಬೇಕು.

ಭಾಷಣ, ವಿವಾದಗಳಿಗೆ ಕೈ ಹಾಕುವ ಮೊದಲು ಕ್ಷೇತ್ರದ ಪಟ್ಟಿ ಮಾಡಿಕೊಂಡೆ: ಕ್ಷೇತ್ರ, ಗೆದ್ದ ದಿನ, ಬಿಟ್ಟ ವರ್ಷ, ಬಿಟ್ಟ ಕಾರಣ. ಡೀಯೆಲ್ ಅವರದ್ದು ಎರಡೇ ಸಾಲು. 14 ಜೂನ್ 1962ರ ಉಪಚುನಾವಣೆಯಿಂದ 1983ರವರೆಗೆ ವೆಸ್ಟ್ ಲೋಥಿಯನ್, ಅಲ್ಲಿಂದ 2005ರವರೆಗೆ ಲಿನ್‌ಲಿತ್‌ಗೋ. ಇದನ್ನು ನೋಡಿ ‘ಕ್ಷೇತ್ರ ಬದಲಿಸಿದರು’ ಎಂದು ಬರೆದುಬಿಡುವವರಿದ್ದಾರೆ. ಅವರು ವಲಸೆ ಹೋದದ್ದಲ್ಲ, 1983ರಲ್ಲಿ ಗಡಿ ಮರುವಿಂಗಡಣೆಯಾಗಿ ಹಳೆಯ ಕ್ಷೇತ್ರವೇ ಒಡೆಯಿತು. 2005ರಲ್ಲಿ ಸ್ಕಾಟ್ಲೆಂಡಿನ ಸ್ಥಾನಗಳು 72ರಿಂದ 59ಕ್ಕೆ ಇಳಿದಾಗ ಲಿನ್‌ಲಿತ್‌ಗೋ ಕೂಡ ಹೋಯಿತು. ಅವರು ಆ ಸಲ ಸ್ಪರ್ಧಿಸಲಿಲ್ಲ.

ನಡುವೆ ಸ್ಥಾನ ಬಿಟ್ಟ ಸಂಸದರ ಪಟ್ಟಿ ಮಾಡುವಾಗ ‘ರಾಜೀನಾಮೆ’ ಎಂದು ಹುಡುಕಿದರೆ ಏನೂ ಸಿಗದು. ನಮ್ಮ ಲೋಕಸಭೆಯಲ್ಲಿ ಸ್ಪೀಕರ್‌ಗೆ ಪತ್ರ ಕೊಟ್ಟರಾಯಿತು. ಬ್ರಿಟನ್ನಿನ ಕೆಳಮನೆಯಲ್ಲಿ 1624ರ ನಿರ್ಣಯದ ಪ್ರಕಾರ ಸದಸ್ಯರು ತಾವಾಗಿ ಸ್ಥಾನ ಬಿಡುವಂತಿಲ್ಲ. ಆದ್ದರಿಂದ ಚಿಲ್ಟರ್ನ್ ಹಂಡ್ರೆಡ್ಸ್ ಅಥವಾ ನಾರ್ತ್‌ಸ್ಟೆಡ್ ಎಂಬ ಹೆಸರಿಗಷ್ಟೇ ಇರುವ ರಾಜಹುದ್ದೆಯನ್ನು ಪಡೆದು ಅನರ್ಹರಾಗುತ್ತಾರೆ. ಹುಡುಕಬೇಕಾದದ್ದು ಆ ಎರಡು ಹೆಸರುಗಳನ್ನು.

ಎಲ್ಲಕ್ಕಿಂತ ಹೆಚ್ಚು ತಪ್ಪು ಕಾಣುವುದು ‘ಫಾದರ್ ಆಫ್ ದಿ ಹೌಸ್’ ಬಿರುದಿನ ಲೆಕ್ಕದಲ್ಲಿ. ಇದು ವಯಸ್ಸಿನ ಲೆಕ್ಕವೂ ಅಲ್ಲ, ಒಟ್ಟು ವರ್ಷಗಳ ಲೆಕ್ಕವೂ ಅಲ್ಲ. ನಡುವೆ ಬಿಡುವಿಲ್ಲದೆ ಸದನದಲ್ಲಿ ಅತಿ ಹೆಚ್ಚು ಕಾಲ ಕುಳಿತವರಿಗೆ ಅದು ಸಲ್ಲುತ್ತದೆ. ಲೇಬರ್ ಸಂಸದ ಟೋನಿ ಬೆನ್ ಮೊದಲು ಗೆದ್ದದ್ದು 1950ರಲ್ಲಿ. ಆದರೆ ತಂದೆಯಿಂದ ಬಂದ ಲಾರ್ಡ್ ಪಟ್ಟದಿಂದಾಗಿ ಒಮ್ಮೆ ಸ್ಥಾನ ಹೋಯಿತು, 1983ರಲ್ಲಿ ಸೋತರು, 1984ರಲ್ಲಿ ಚೆಸ್ಟರ್‌ಫೀಲ್ಡ್‌ನಿಂದ ಮರಳಿದರು. ಎಣಿಕೆ ಮತ್ತೆ ಒಂದರಿಂದ. ಚರ್ಚಿಲ್ ಅವರನ್ನು 1900ರಿಂದ ಎಣಿಸುವುದೂ ಇದೇ ತಪ್ಪು. ಈ ಲೆಕ್ಕಕ್ಕೆ ಅವರ ಆರಂಭ 1924. ಒಂದೇ ಚುನಾವಣೆಯಲ್ಲಿ ಬಂದವರಿಬ್ಬರಿದ್ದರೆ ಯಾರು ಮೊದಲು ಪ್ರಮಾಣವಚನ ತೆಗೆದುಕೊಂಡರು ಎಂಬುದೇ ನಿರ್ಣಾಯಕ. ಕೆನೆತ್ ಕ್ಲಾರ್ಕ್, ಡೆನಿಸ್ ಸ್ಕಿನ್ನರ್ ಇಬ್ಬರೂ 1970ರವರು. 2017ರಲ್ಲಿ ಬಿರುದು ಕ್ಲಾರ್ಕ್ ಪಾಲಾದದ್ದು ಹೀಗೆ. ಡೀಯೆಲ್ ವಿಷಯದಲ್ಲಿ ಈ ತೊಡಕಿಲ್ಲ: 1950ರಿಂದ ಇದ್ದ ಎಡ್ವರ್ಡ್ ಹೀತ್ 2001ರಲ್ಲಿ ನಿವೃತ್ತರಾದರು, 1962ರವರಾದ ಇವರು ಆ ಜಾಗಕ್ಕೆ ಬಂದರು.

ಹುದ್ದೆಗಳ ಸಾಲಿನಲ್ಲಿ ಎರಡು ಕಡೆ ಎಚ್ಚರ ಬೇಕಾಯಿತು. ಅವರು ಮಂತ್ರಿ ರಿಚರ್ಡ್ ಕ್ರಾಸ್‌ಮನ್ ಅವರಿಗೆ ಸಂಸದೀಯ ಖಾಸಗಿ ಕಾರ್ಯದರ್ಶಿಯಾಗಿದ್ದರು. ಇದು ಸಂಬಳವಿಲ್ಲದ ಕೆಲಸ, ಮಂತ್ರಿಗಿರಿಯಲ್ಲ, ‘ಸಹಾಯಕ ಸಚಿವ’ ಎಂದು ಅನುವಾದಿಸಬಾರದು. 1975ರಿಂದ 1979ರವರೆಗೆ ಯುರೋಪಿಯನ್ ಪಾರ್ಲಿಮೆಂಟಿನಲ್ಲೂ ಇದ್ದರು, ಆದರೆ ಅಲ್ಲಿಗೆ ಜನ ಆರಿಸಿ ಕಳಿಸಿದ್ದಲ್ಲ. ನೇರ ಚುನಾವಣೆ ಶುರುವಾದದ್ದೇ ಜೂನ್ 1979ರಲ್ಲಿ.

ಇನ್ನು ಹ್ಯಾನ್ಸಾರ್ಡ್, ಅಂದರೆ ಸಂಸತ್ತಿನ ಚರ್ಚೆಗಳ ಅಧಿಕೃತ ವರದಿ. 1803ರಿಂದ 2005ರವರೆಗಿನ ಡಿಜಿಟಲ್ ಸಂಗ್ರಹ ಉಚಿತವಾಗಿ ಸಿಗುತ್ತದೆ, ಡೀಯೆಲ್ ಅವರ ಇಡೀ ಅವಧಿ ಅದರಲ್ಲೇ ಮುಗಿಯುತ್ತದೆ. ಉಲ್ಲೇಖಿಸುವುದು ಪುಟದಿಂದಲ್ಲ, ಕಾಲಂನಿಂದ. ಒಂದು ಪುಟಕ್ಕೆ ಎರಡು ಕಾಲಂ, ಪ್ರತಿಯೊಂದಕ್ಕೂ ತನ್ನದೇ ಸಂಖ್ಯೆ. ಲಿಖಿತ ಉತ್ತರಗಳಿಗೆ ಬೇರೆಯೇ ಎಣಿಕೆ ಇರುವುದರಿಂದ ಒಂದೇ ಸಂಪುಟದಲ್ಲಿ ಒಂದೇ ಸಂಖ್ಯೆಯ ಎರಡು ಕಾಲಂ ಇರಬಹುದು. ದಿನದ ಸಂಚಿಕೆಗೂ ಬೈಂಡಾದ ಸಂಪುಟಕ್ಕೂ ಸಂಖ್ಯೆ ಒಂದೆರಡು ಅತ್ತಿತ್ತ ಆಗುತ್ತದೆ. ನಾನು ಬೈಂಡಾದದ್ದನ್ನೇ ಹಿಡಿದೆ. ಸ್ಕ್ಯಾನ್ ಮಾಡಿದ ಪಠ್ಯದಲ್ಲಿ ಅಕ್ಷರದೋಷಗಳಿರುತ್ತವೆ, ಒಬ್ಬರ ಮಾತು ಇನ್ನೊಬ್ಬರ ಹೆಸರಿಗೆ ಅಂಟಿಕೊಂಡಿರುವುದೂ ಉಂಟು. ಹಾಗಾಗಿ ಹೆಸರಿನ ಪಟ್ಟಿಯನ್ನಷ್ಟೇ ನಂಬದೆ ದಿನಾಂಕ ಹಿಡಿದು ಇಡೀ ಚರ್ಚೆ ತೆರೆಯಬೇಕು.

14 ನವೆಂಬರ್ 1977ರ ಸ್ಕಾಟ್ಲೆಂಡ್ ಮಸೂದೆಯ ಚರ್ಚೆ ಇದಕ್ಕೆ ಒಳ್ಳೆಯ ಉದಾಹರಣೆ. ಸ್ಕಾಟ್ಲೆಂಡಿಗೆ ಸ್ವಂತ ಸಭೆ ಬಂದರೆ, ತನ್ನ ಕ್ಷೇತ್ರದ ಅದೇ ವಿಷಯಗಳ ಮೇಲೆ ಮತ ಹಾಕಲಾಗದ ಸ್ಕಾಟಿಷ್ ಸಂಸದ ಇಂಗ್ಲೆಂಡಿನವರ ವಿಷಯದಲ್ಲಿ ಹೇಗೆ ಮತ ಹಾಕುತ್ತಾನೆ ಎಂದು ಅವರು ಕೇಳಿದ್ದು ಅಂದು. ಅವರ ಸಾಲುಗಳನ್ನಷ್ಟೇ ಕತ್ತರಿಸಿ ತೆಗೆದುಕೊಂಡರೆ ‘ವೆಸ್ಟ್ ಲೋಥಿಯನ್ ಪ್ರಶ್ನೆ’ ಎಂಬ ಹೆಸರನ್ನೂ ಅವರೇ ಇಟ್ಟಂತೆ ಕಾಣುತ್ತದೆ. ಹೆಸರು ಕೊಟ್ಟವರು ಇನ್ನೊಬ್ಬ ಸಂಸದ ಈನಕ್ ಪಾವೆಲ್.

ಬೆಲ್ಗ್ರಾನೋ ಪ್ರಕರಣಕ್ಕೆ ಪ್ರತ್ಯೇಕ ಹಾಳೆ ಬೇಕಾಯಿತು. ಎಡಬದಿಗೆ ಘಟನೆ: 2 ಮೇ 1982ರಂದು ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷ್ ಜಲಾಂತರ್ಗಾಮಿಯ ದಾಳಿಗೆ ಅರ್ಜೆಂಟೀನಾದ ಬೆಲ್ಗ್ರಾನೋ ಹಡಗು ಮುಳುಗಿತು, 323 ಮಂದಿ ಸತ್ತರು. 1984ರಲ್ಲಿ ರಕ್ಷಣಾ ಇಲಾಖೆಯ ಅಧಿಕಾರಿ ಕ್ಲೈವ್ ಪಾಂಟಿಂಗ್ ಈ ಕುರಿತ ಸರ್ಕಾರಿ ಕಾಗದಗಳನ್ನು ಡೀಯೆಲ್‌ಗೆ ಕಳಿಸಿದರು, 1985ರಲ್ಲಿ ಜ್ಯೂರಿ ಪಾಂಟಿಂಗ್‌ರನ್ನು ಖುಲಾಸೆ ಮಾಡಿತು. ಬಲಬದಿಗೆ ಡೀಯೆಲ್ ಸದನದಲ್ಲಿ ಕೇಳಿದ ಪ್ರಶ್ನೆಗಳು, ಸಿಕ್ಕ ಉತ್ತರಗಳು. ಅವರ ಆರೋಪ ಯಾವುದು, ಆ ದಿನಕ್ಕೆ ಕೈಯಲ್ಲಿದ್ದ ಪುರಾವೆ ಯಾವುದು ಎಂಬುದು ಹೀಗಿಟ್ಟಾಗಲೇ ಬೇರ್ಪಡುವುದು.

ಮತಗಳ ವಿಷಯ ಕೊನೆಗೆ ಇಟ್ಟುಕೊಂಡೆ. ಸದನದಲ್ಲಿ ಮತ ಹಾಕಿದವರ ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ‘ತಟಸ್ಥರಾಗಿದ್ದರು’ ಎನ್ನಲು ಬಾರದು: ಊರಲ್ಲಿ ಇಲ್ಲದಿರಬಹುದು, ಎದುರು ಪಕ್ಷದವರೊಬ್ಬರ ಜೊತೆ ಜೋಡಿ ಮಾಡಿಕೊಂಡು ಇಬ್ಬರೂ ಹೊರಗುಳಿದಿರಬಹುದು. ಜೋಡಿಯ ದಾಖಲೆ ಹ್ಯಾನ್ಸಾರ್ಡಿನಲ್ಲಿ ಇರುವುದಿಲ್ಲ. ಮತ ಎಣಿಸುವ ಟೆಲ್ಲರ್‌ಗಳ ಹೆಸರು ಪಟ್ಟಿಯ ಕೆಳಗೆ ಬೇರೆಯಾಗಿರುತ್ತದೆ, ಮೊತ್ತದಲ್ಲಿ ಸೇರಿರುವುದಿಲ್ಲ. ಆದ್ದರಿಂದ ಹುಡುಕಿದ ಹೆಸರು ಮೇಲೆ ಸಿಗದಿದ್ದರೆ ಪಟ್ಟಿಯ ಕೊನೆಯ ಎರಡು ಸಾಲನ್ನು ಓದದೆ ಮುಂದೆ ಹೋಗಬಾರದು.