ಡಾಕ್ಟರಿಗೆ ಇಂಗ್ಲಿಷ್ ಬರುತ್ತೆ, ಫೋನ್ ಎತ್ತುವವರಿಗೆ ಬರೋದಿಲ್ಲ

ಜರ್ಮನಿಯ ಎರ್ಲಾಂಗನ್‌ಗೆ ಬಂದು ನಾಲ್ಕನೇ ತಿಂಗಳು. ಒಂದು ಶುಕ್ರವಾರ ಸಂಜೆ ಅಮ್ಮ ಕಟ್ಟಿಕೊಟ್ಟಿದ್ದ ಡಬ್ಬಿಯ ಕೊನೆಯ ಚಕ್ಕುಲಿ ಕಚ್ಚಿದೆ. ಎಡಗಡೆ ದವಡೆ ಹಲ್ಲಿನ ಹಳೇ ಸಿಮೆಂಟು ಕಿತ್ತು ಬಂತು. ಲವಂಗ ಇಟ್ಟುಕೊಂಡು ಮಲಗಿದೆ. ರಾತ್ರಿ ಎರಡಕ್ಕೆ ಎದ್ದು ಕೂತೆ.

ಇಲ್ಲಿ ಜೀವಕ್ಕೆ ಅಪಾಯ ಅನ್ನಿಸಿದರೆ 112. ಅಷ್ಟಿಲ್ಲ, ಆದರೆ ಕ್ಲಿನಿಕ್ ಮುಚ್ಚಿದೆ ಅಂದರೆ 116117. ಇಷ್ಟು ನನಗೆ ಗೊತ್ತಿತ್ತು. ಹಲ್ಲಿನ ಲೆಕ್ಕವೇ ಬೇರೆ ಅನ್ನೋದು ಗೊತ್ತಿರಲಿಲ್ಲ. ವಾರಾಂತ್ಯದಲ್ಲಿ ಆಯಾ ಊರಿನ ಹಲ್ಲಿನ ಡಾಕ್ಟರುಗಳು ಸರದಿ ಪ್ರಕಾರ ಕ್ಲಿನಿಕ್ ತೆರೆಯುತ್ತಾರೆ. ನಮ್ಮ ಬವೇರಿಯಾ ರಾಜ್ಯದಲ್ಲಿ ಬೆಳಿಗ್ಗೆ 10ರಿಂದ 12, ಸಂಜೆ 6ರಿಂದ 7, ಅಷ್ಟೇ. ಆ ಹೊತ್ತು ತಪ್ಪಿದರೆ ಮತ್ತೆ ಲವಂಗವೇ ಗತಿ.

ಒಂಬತ್ತೂ ಮುಕ್ಕಾಲಿಗೇ ಬಾಗಿಲ ಮುಂದೆ ನಿಂತಿದ್ದೆ. ಕೌಂಟರಿನಲ್ಲಿದ್ದ ಹೆಂಗಸಿಗೆ ಒಂದಕ್ಷರ ಇಂಗ್ಲಿಷ್ ಬರುತ್ತಿರಲಿಲ್ಲ. ಇನ್ಶೂರೆನ್ಸ್ ಕಾರ್ಡು ತಗೊಂಡು ಎರಡು ಪುಟದ ಜರ್ಮನ್ ಫಾರಂ ಕೈಗಿಟ್ಟರು. ಕೆನ್ನೆ ಹಿಡಿದುಕೊಂಡೇ ಒಂದೊಂದು ಸಾಲಿಗೂ ಫೋನಿನ ಕ್ಯಾಮೆರಾ ತೋರಿಸಿ ಅರ್ಥ ಮಾಡಿಕೊಂಡು ತುಂಬಿದೆ.

ಒಳಗೆ ಹೋದರೆ ಡಾಕ್ಟರು ಸಲೀಸಾಗಿ ಇಂಗ್ಲಿಷ್ ಮಾತಾಡಿದರು. ಸ್ಟೀಲ್ ಕಡ್ಡಿಯ ಹಿಡಿಯಿಂದ ಒಂದೊಂದೇ ಹಲ್ಲು ತಟ್ಟಿ, ತಣ್ಣನೆಯ ಹತ್ತಿ ಒತ್ತಿ, ನೋವು ಹೇಗಿದೆ ಅಂತ ಕೇಳಿದರು. ಆಗ ನನ್ನ ಇಂಗ್ಲಿಷ್ ಕೈಕೊಟ್ಟಿತು. ನನ್ನ ಹಲ್ಲು ‘ಜುಮ್’ ಅನ್ನುತ್ತಿತ್ತು. ಅದನ್ನು ಇಂಗ್ಲಿಷಿನಲ್ಲಿ ಏನಂತ ಹೇಳೋದು ನೀವೇ ಹೇಳಿ! ಕೊನೆಗೆ ಕೈಸನ್ನೆಯಲ್ಲೇ ತೋರಿಸಿದೆ. ಅವರು ಇಂಜೆಕ್ಷನ್ ಕೊಟ್ಟು, ನೋವಾದರೆ ಎಡಗೈ ಎತ್ತಿ ಅಂದರು.

ಅವತ್ತೇ ನನಗೆ ಗೊತ್ತಾಗಿದ್ದು, ಇಂಗ್ಲಿಷ್ ಬರುವ ಡಾಕ್ಟರನ್ನು ಹುಡುಕೋದು ಕಷ್ಟವಲ್ಲ. ಡಾಕ್ಟೋಲಿಬ್ ಆ್ಯಪಿನಲ್ಲಿ ಭಾಷೆ ಆರಿಸಿದರೆ ಹೆಸರುಗಳು ಬರುತ್ತವೆ. ಆದರೆ ಅದು ಡಾಕ್ಟರಿಗೆ ಬರುವ ಭಾಷೆ, ಫೋನ್ ಎತ್ತುವವರದ್ದಲ್ಲ. ಹಾಗಾಗಿ ಆದಷ್ಟೂ ಫೋನ್ ಮಾಡೋದೇ ಬಿಟ್ಟೆ. ಆ್ಯಪಿನಲ್ಲೇ ಬುಕ್ ಮಾಡುತ್ತೇನೆ. ಅಲ್ಲಿಲ್ಲದಿದ್ದರೆ ನಾಲ್ಕು ಸಾಲಿನ ಜರ್ಮನ್ ಮೇಲ್. ಅದೂ ಆಗದಿದ್ದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಖುದ್ದಾಗಿ ಹೋಗಿ ನಿಲ್ಲುತ್ತೇನೆ. ಎದುರಿಗೆ ನಿಂತವರನ್ನು ಸಾಗಹಾಕೋದು ಅಷ್ಟು ಸುಲಭವಲ್ಲ, ಅಲ್ವಾ? ಆದರೂ ಫ್ಯಾಮಿಲಿ ಡಾಕ್ಟರಿಗಾಗಿ ಹುಡುಕುವಾಗ ‘ಹೊಸ ಪೇಷಂಟ್ ತಗೊಳ್ಳೋದಿಲ್ಲ’ ಅಂತ ಮೂರು ಕಡೆ ಕಳಿಸಿದರು. ನಾಲ್ಕನೇ ಕಡೆ ಸಿಕ್ಕಿತು. ಆಫೀಸಿನ ಹುಬ್ಬಳ್ಳಿ ಗೆಳೆಯ ಮೊದಲೇ ಹೇಳಿದ್ದ, “ಬುಧವಾರ ಮಧ್ಯಾಹ್ನ ಹೋಗಬ್ಯಾಡಲೇ, ಒಬ್ಬರೂ ಇರಂಗಿಲ್ಲ.” ಅವನ ಮಾತು ನಿಜ. ಬುಧವಾರ, ಶುಕ್ರವಾರ ಮಧ್ಯಾಹ್ನದ ಮೇಲೆ ಸುಮಾರು ಕ್ಲಿನಿಕ್‌ಗಳು ಬಂದ್.

ಈಗ ಪರ್ಸಿನಲ್ಲಿ ಒಂದು ಹಾಳೆ ಇಟ್ಟುಕೊಂಡಿದ್ದೇನೆ. ಹಳೇ ಕಾಯಿಲೆ, ಆಗದ ಔಷಧಿ, ತಗೊಳ್ಳುವ ಮಾತ್ರೆ, ಎಲ್ಲ ಜರ್ಮನ್‌ನಲ್ಲಿ. ಮಾತ್ರೆಗೆ ಕಂಪನಿ ಹೆಸರು ಬರೆಯಬಾರದು. ಡೋಲೋ ಅಂದರೆ ಇಲ್ಲಿ ಯಾರಿಗೂ ಅರ್ಥವಾಗೋದಿಲ್ಲ, ಪ್ಯಾರಾಸಿಟಮಾಲ್ ಅನ್ನಬೇಕು. ಕೆಳಗೆ ನೋವಿಗೆ ಮೂರು ಪದ: ಚುಚ್ಚಿದ ಹಾಗಿದ್ದರೆ ‘ಷ್ಟೆಷೆಂಡ್’, ಮಂದವಾಗಿದ್ದರೆ ‘ದುಂಪ್ಫ್’, ಪಟಪಟ ಬಡಿದುಕೊಂಡರೆ ‘ಪೊಖೆಂಡ್’. ‘ಜುಮ್’ಗೆ ಇನ್ನೂ ಸಿಕ್ಕಿಲ್ಲ.

ದುಡ್ಡಿನ ವಿಷಯ ಒಂದಿದೆ, ಇದನ್ನು ಮೊದಲೇ ಯಾರಾದರೂ ಹೇಳಬೇಕಿತ್ತು. ಸರ್ಕಾರಿ ವಿಮೆ ಇದ್ದರೂ ಹಲ್ಲಿನ ಕ್ಯಾಪಿಗೆ ಪೂರ್ತಿ ಹಣ ಕೊಡೋದಿಲ್ಲ. ಸಾಮಾನ್ಯ ಚಿಕಿತ್ಸೆಗೆ ಎಷ್ಟಾಗುತ್ತದೋ ಅದರಲ್ಲಿ ನೂರಕ್ಕೆ 60 ಭಾಗ ಮಾತ್ರ. ಅದಕ್ಕೂ ಡಾಕ್ಟರು ಖರ್ಚಿನ ಅಂದಾಜು ಬರೆದು, ವಿಮೆಯವರು ಮೊದಲೇ ಒಪ್ಪಬೇಕು. ‘ಬೋನಸ್‌ಹೆಫ್ಟ್’ ಅಂತ ಚಿಕ್ಕ ಪುಸ್ತಕ ಕೊಡುತ್ತಾರೆ. ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಅದರಲ್ಲಿ ಮುದ್ರೆ ಹಾಕಿಸಬೇಕು. ಬಿಡದೆ ಐದು ವರ್ಷ ಹಾಕಿಸಿದರೆ ಆ 60 ಹೋಗಿ 70, ಹತ್ತು ವರ್ಷಕ್ಕೆ 75. ಬಂದ ಮೊದಲ ವರ್ಷವೇ ಹಲ್ಲು ನೋಯದಿದ್ದರೂ ಹೋಗಿ ಶುರು ಮಾಡಿಬಿಡಿ.

ನನ್ನ ಪುಸ್ತಕದಲ್ಲಿ ಈಗ ಮೂರು ಮುದ್ರೆ ಇವೆ. ಚಕ್ಕುಲಿ ಮಾತ್ರ ಬಲಗಡೆಯಿಂದಲೇ ತಿನ್ನುತ್ತೇನೆ.