ಜೋರಾಗಿ ಓಡುವ ಕಾರಿಗೆ ಟೈರ್: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ವಿಜಯಪುರದ ಟೈರ್ ಅಂಗಡಿಯಲ್ಲಿ ನಾಲ್ಕೂ ಟೈರ್‌ಗೆ ರೇಟ್ ಕೇಳಿದಾಗ ಎದೆ ಧಸಕ್ ಅನ್ನುತ್ತದೆ. ನಮ್ಮ ಮುಖ ನೋಡಿ ಅಂಗಡಿಯವರು, "ಅದು ಬಿಡ್ರಿ ಸರ, ಇದರ ಅರ್ಧಾ ರೇಟಿನಾಗ ಬ್ಯಾರೇದು ಐತಿ" ಅನ್ನುತ್ತಾರೆ. ಆ 'ಬ್ಯಾರೇದು' ಒಳ್ಳೆಯದೇ ಇರಬಹುದು, ಕೆಟ್ಟದ್ದೂ ಇರಬಹುದು. ವರ್ಟಸ್ ಜಿಟಿ, ಐ20 ಎನ್ ಲೈನ್, ಹಳೇ ಪೋಲೋ ಜಿಟಿಯಂಥ ಜೋರಿನ ಕಾರು ಇಟ್ಟುಕೊಂಡವರು ಟೈರ್‌ಗೆ ಕಡಿಮೆ ಖರ್ಚು ಮಾಡಬಹುದು. ಆದರೆ ಎಲ್ಲಿ ಕಡಿಮೆ ಮಾಡಬೇಕು ಅನ್ನುವುದು ಗೊತ್ತಿರಬೇಕು.

ಅಂಗಡಿಗೆ ಹೋಗುವ ಮೊದಲು ಡ್ರೈವರ್ ಬಾಗಿಲು ತೆಗೆದು, ಪಕ್ಕದ ಕಂಬದ ಮೇಲಿನ ಸ್ಟಿಕ್ಕರ್ ನೋಡಿ. ಕೆಲವು ಕಾರುಗಳಲ್ಲಿ ಅದು ಪೆಟ್ರೋಲ್ ಮುಚ್ಚಳದ ಒಳಗಿರುತ್ತದೆ. ಸೈಜ್, ಹವಾ ಎರಡೂ ಅಲ್ಲೇ ಸಿಗುತ್ತವೆ. 205/55 ಆರ್16 91ವಿ ಎಂದಿದ್ದರೆ, ಅಗಲ 205 ಮಿ.ಮೀ., ಟೈರ್‌ನ ಪಕ್ಕದ ಗೋಡೆಯ (ಸೈಡ್‌ವಾಲ್) ಎತ್ತರ ಆ ಅಗಲದ ಶೇ 55, ರಿಮ್ 16 ಇಂಚು. 91 ಅಂದರೆ ಒಂದು ಟೈರ್ 615 ಕೆ.ಜಿ. ಹೊರುತ್ತದೆ. 'ವಿ' ಅಂದರೆ ಗಂಟೆಗೆ 240 ಕಿ.ಮೀ. ವೇಗ ತಡೆಯುತ್ತದೆ.

"ನಾವೇನು 240 ಓಡಿಸ್ತೀವಾ?" ಎಂದು ಎಲ್ಲರೂ ಕೇಳುತ್ತಾರೆ. ಓಡಿಸುವುದಿಲ್ಲ, ಓಡಿಸಲೂಬಾರದು. ಆದರೆ ಆ ಅಕ್ಷರ ಟೈರ್ ಎಷ್ಟು ಬಿಸಿ ತಾಳುತ್ತದೆ ಅನ್ನುವುದನ್ನೂ ಹೇಳುತ್ತದೆ. ಮೇ ತಿಂಗಳ ಮಧ್ಯಾಹ್ನ, ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಸೊಲ್ಲಾಪುರ ಹೈವೇಯಲ್ಲಿ ಗಂಟೆಗಟ್ಟಲೆ ಓಟ. ಕೆಳಗೆ ಡಾಂಬರು ಕಾದ ಹಂಚಿನಂತಿರುತ್ತದೆ. ಅಲ್ಲಿ 190ರ 'ಟಿ' ಟೈರ್ ಅಗ್ಗಕ್ಕೆ ಸಿಕ್ಕಿತು ಎಂದು ಹಾಕಿಸಬೇಡಿ. ಕಂಪನಿ ಕೊಟ್ಟ ಅಕ್ಷರ, ಅಂಕಿಗಿಂತ ಕೆಳಗೆ ಇಳಿಯಬೇಡಿ. ಹಾಗೇ ಅದಕ್ಕಿಂತ ಮೇಲಿನ 'ಡಬ್ಲ್ಯೂ', 'ವೈ' ಬೇಕೆಂದು ಜಾಸ್ತಿ ದುಡ್ಡು ಸುರಿಯುವ ಅಗತ್ಯವೂ ಇಲ್ಲ.

ನಿಜವಾದ ಉಳಿತಾಯ ಇರುವುದು ಸೈಜ್‌ನಲ್ಲಿ. ಕಾರು ಚೆಂದ ಕಾಣಲಿ ಎಂದು ಅಗಲದ ಟೈರ್, ದೊಡ್ಡ ರಿಮ್ ಹಾಕಿಸುವ ಗೀಳು ನಮ್ಮ ಹುಡುಗರಲ್ಲಿದೆ. ಮೂಲ ಸೈಜ್ ಬಹಳ ಕಾರುಗಳಲ್ಲಿ ಇರುವಂಥದ್ದಾದರೆ ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಯೊಕೊಹಾಮಾ, ಬ್ರಿಜ್‌ಸ್ಟೋನ್ ಎಲ್ಲರೂ ಮಾಡುತ್ತಾರೆ. ಪೈಪೋಟಿ ಇದ್ದಲ್ಲಿ ರೇಟ್ ಇಳಿಯುತ್ತದೆ. ಬದಲಿಸಲೇಬೇಕು ಅಂದರೆ ಒಟ್ಟು ವ್ಯಾಸದ ಅಂತರ ಶೇ 3 ದಾಟಬಾರದು. 195/55 ಆರ್16ರ ವ್ಯಾಸ ಸುಮಾರು 621 ಮಿ.ಮೀ., 205/55 ಆರ್16ರದ್ದು 632. ಇದು ಲೆಕ್ಕದೊಳಗೇ ಇದೆ. ಆದರೂ 195 ತೆಗೆದು 205 ಹಾಕಿದರೆ, ಮೀಟರ್ ಅದೇ ವೇಗ ತೋರಿಸುವಾಗ ಕಾರು ಮೊದಲಿಗಿಂತ ತುಸು ಜೋರಾಗಿಯೇ ಓಡುತ್ತಿರುತ್ತದೆ. ಟೈರ್ ಎಲ್ಲೂ ತಾಗುವುದಿಲ್ಲ ಎಂದೂ ನೋಡಿಕೊಳ್ಳಬೇಕು. ಇನ್ನು ಸೈಡ್‌ವಾಲ್ ಗಿಡ್ಡ ಆದಷ್ಟೂ ನಮ್ಮ ರಸ್ತೆಯ ತಗ್ಗುಗಳಲ್ಲಿ ರಿಮ್ ಬಗ್ಗುತ್ತದೆ.

ಈಗ ಟೈರ್ ಕೈಗೆ ತೆಗೆದುಕೊಂಡು ಓದಿ. ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ 4 ಅಂಕಿ ಟೈರ್ ಹುಟ್ಟಿದ ವಾರ ಮತ್ತು ವರ್ಷ. 2325 ಅಂದರೆ 2025ರ 23ನೇ ವಾರ. ಒಂದು ಬದಿಯಲ್ಲಿ ಕಾಣದಿದ್ದರೆ ಇನ್ನೊಂದು ಬದಿ ತಿರುಗಿಸಿ. ನಾನು ಒಮ್ಮೆ ಇದನ್ನು ನೋಡದೇ ಹಿಂದಿನ ಚಕ್ರಗಳಿಗೆ ಎರಡು ಅಗ್ಗದ ಟೈರ್ ಹಾಕಿಸಿದ್ದೆ. ಬೆಳಗಾವಿಯಿಂದ ಗೋವಾಕ್ಕೆ ಹೋಗುವಾಗ ಚೋರ್ಲಾ ಘಾಟಿನ ಮಳೆಯಲ್ಲಿ, ಒಂದು ತಿರುವಿನಲ್ಲಿ ಕಾರಿನ ಹಿಂಭಾಗ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಏನೂ ಆಗಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಮನೆಗೆ ಬಂದು ಅಂಕಿ ಓದಿದರೆ ಟೈರ್ ನಾಲ್ಕು ವರ್ಷ ಹಳೆಯದು. ರಬ್ಬರ್ ಸುಮ್ಮನೆ ಗೋಡೌನ್‌ನಲ್ಲಿದ್ದರೂ ಗಡುಸಾಗುತ್ತದೆ. ನಾನೀಗ ಒಂದು ವರ್ಷದೊಳಗಿನದ್ದನ್ನು ಮಾತ್ರ ಕೊಳ್ಳುತ್ತೇನೆ. ಸೆಕೆಂಡ್ ಹ್ಯಾಂಡ್ ಟೈರ್ ಅಂತೂ ಬೇಡವೇ ಬೇಡ. ಒಳಗಿನ ಪೆಟ್ಟು ಹೊರಗೆ ಕಾಣುವುದಿಲ್ಲ.

ಕೆಲವು ಟೈರ್‌ಗಳ ಮೇಲೆ ಇನ್ನೂ ಮೂರು ಮಾತು ಇರುತ್ತವೆ. ಟ್ರ್ಯಾಕ್ಷನ್ ಅಂದರೆ ಒದ್ದೆ ರಸ್ತೆಯಲ್ಲಿ ನೇರ ಬ್ರೇಕ್ ಹಿಡಿತ. 'ಎಎ' ಅಥವಾ 'ಎ' ಇರಲಿ. ಟೆಂಪರೇಚರ್ ನಮ್ಮ ಬಿಸಿಲಿಗೆ 'ಎ' ಆಗಿದ್ದರೆ ಚೆನ್ನ. ಟ್ರೆಡ್‌ವೇರ್ ಅಂಕಿ ಜಾಸ್ತಿ ಇದ್ದರೆ ಬಾಳಿಕೆ ಜಾಸ್ತಿ, ಸಾಮಾನ್ಯವಾಗಿ ಹಿಡಿತ ಕಡಿಮೆ. ಈ ಅಂಕಿ ಕೊಡುವುದು ಆಯಾ ಕಂಪನಿಯೇ. ಹಾಗಾಗಿ ಬೇರೆ ಬೇರೆ ಕಂಪನಿಗಳನ್ನು ಇದರಲ್ಲಿ ತೂಗಬೇಡಿ. ಐಎಸ್‌ಐ ಗುರುತು ಇಲ್ಲದ್ದನ್ನು ಅಲ್ಲೇ ಬಿಟ್ಟು ಬನ್ನಿ.

ರೇಟ್ ಮಾತಾಡುವಾಗ ಒಂದು ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ಕಾರ್ ಟೈರ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಪಕ್ಕಾ ಬಿಲ್ ತೆಗೆದುಕೊಳ್ಳಿ, ವಾರಂಟಿಗೆ ಅದೇ ಬೇಕು. ಎರಡು ಮೂರು ಅಂಗಡಿ ಕೇಳಿ. ಫಿಟಿಂಗ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್ ಸೇರಿಸಿ ಎಷ್ಟು ಎಂದು ಕೇಳಿ. ನೈಟ್ರೋಜನ್‌ಗೆ ಬೇರೆ ದುಡ್ಡು ಕೊಡಬೇಡಿ, ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ.

ನಾಲ್ಕಕ್ಕೂ ದುಡ್ಡಿಲ್ಲ, ಎರಡೇ ಸಾಕು ಅನ್ನುವವರು ಹೊಸ ಜೋಡಿಯನ್ನು ಹಿಂದೆ ಹಾಕಿಸಿ. ಎಂಜಿನ್ ಮುಂದಿನ ಚಕ್ರ ತಿರುಗಿಸುವ ಕಾರಾದರೂ ಸರಿ. ಮುಂದಿನದು ಜಾರಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ವೇಗ ಇಳಿಸಿದರೆ ಹೆಚ್ಚಾಗಿ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ. ಕಬ್ಬಿನ ಸೀಜನ್‌ನಲ್ಲಿ ಮುಧೋಳ, ಜಮಖಂಡಿ ಕಡೆ ಟ್ರ್ಯಾಕ್ಟರ್‌ಗಳು ರಸ್ತೆಗೆ ತಂದ ಎರೆಮಣ್ಣಿನ ಮೇಲೆ ನಾಲ್ಕು ಹನಿ ಬಿದ್ದರೆ ಎಷ್ಟು ಜಾರುತ್ತದೆ ಎಂದು ನಿಮಗೇ ಗೊತ್ತು, ಅಲ್ವಾ? ಒಂದೇ ಅಚ್ಚಿನ ಎರಡು ಗಾಲಿಗೆ ಎರಡು ಕಂಪನಿ ಬೆರೆಸುವ ಮಾತೇ ಬೇಡ: ಎಡಕ್ಕೆ ಯಾವುದೋ ಬಲಕ್ಕೂ ಅದೇ.

ಹಾಕಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿ. ಹೊಸ ರಬ್ಬರ್ ಮೊದಲು ನುಣುಪಾಗಿರುತ್ತದೆ, ಮೊದಲ 300 ಕಿ.ಮೀ. ಮೆತ್ತಗೆ ಓಡಿಸಿ. ಹವಾ ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಿಸಿ. ಬಿಸಿಲಲ್ಲಿ ಓಡಿ ಬಂದಾಗ ಎರಡು ಮೂರು ಪಾಯಿಂಟ್ ಜಾಸ್ತಿ ತೋರಿಸಿದರೆ ಹವಾ ತೆಗೆಸಬೇಡಿ.